ಕಚೇರಿಯ ಲ್ಯಾಪ್‌ಟಾಪಿನಲ್ಲಿ ನಮ್ಮ ಗುರುತಿನ ಚೀಟಿ

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರು ತಮ್ಮ ಪಾಸ್‌ಪೋರ್ಟ್ ಹಾಗೂ ಎಮಿರೇಟ್ಸ್ ಐಡಿಯ ಪ್ರತಿಗಳನ್ನು ವರ್ಷದಲ್ಲಿ ಎಷ್ಟು ಕಡೆ ಕೊಡುತ್ತಾರೆಂದು ಲೆಕ್ಕ ಹಾಕಿದರೆ ಕೈಬೆರಳುಗಳು ಸಾಲುವುದಿಲ್ಲ. ವೀಸಾ ನವೀಕರಣಕ್ಕೆ ಟೈಪಿಂಗ್ ಸೆಂಟರ್, ಬಾಡಿಗೆ ಕರಾರಿನ ಇಜಾರಿ ನೋಂದಣಿಗೆ ಮನೆ ದಲ್ಲಾಳಿ, ಮಕ್ಕಳ ಶಾಲೆ, ವಿಮೆಯ ಏಜೆಂಟ್, ಊರಿಗೆ ಪೆಟ್ಟಿಗೆ ಕಳುಹಿಸುವ ಕಾರ್ಗೋ ಅಂಗಡಿ, ಹೀಗೆ ಪಟ್ಟಿ ಬೆಳೆಯುತ್ತದೆ. ಬಹುತೇಕ ಪ್ರತಿಗಳು ವಾಟ್ಸ್ಆ್ಯಪ್ ಮೂಲಕ ಹೋಗಿ, ಯಾವುದೋ ನೌಕರನ ಲ್ಯಾಪ್‌ಟಾಪಿನ ಕಡತದಲ್ಲಿ ನೆಲೆ ಕಾಣುತ್ತವೆ. ಆ ಲ್ಯಾಪ್‌ಟಾಪ್ ಕಾರಿನ ಹಿಂದಿನ ಸೀಟಿನಿಂದ ಕಳುವಾದರೆ ಏನಾಗುತ್ತದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ.

ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇದೆಯಲ್ಲ ಎಂದು ಕೆಲವರು ಸಮಾಧಾನ ಪಟ್ಟುಕೊಳ್ಳಬಹುದು. ಅದು ಹುಸಿ ಧೈರ್ಯ. ಡಿಸ್ಕನ್ನು ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಗೂಢಲಿಪಿಗೆ ಒಳಪಡಿಸದ ಕಡತಗಳೆಲ್ಲ ತೆರೆದ ಪುಸ್ತಕದಂತೆ ಓದಸಿಗುತ್ತವೆ. ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ, ಕೀಲಿಯಿಲ್ಲದ ಕಳ್ಳನ ಕೈಗೆ ಅರ್ಥವಾಗದ ಅಕ್ಷರರಾಶಿಯಷ್ಟೇ ಉಳಿಯುತ್ತದೆ. ಇದಕ್ಕೆ ಭಾರೀ ವೆಚ್ಚವೂ ಇಲ್ಲ. ವಿಂಡೋಸ್‌ನ ವೃತ್ತಿಪರ ಆವೃತ್ತಿಗಳಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಮೊದಲೇ ಅಡಕವಾಗಿರುತ್ತವೆ. ಅವನ್ನು ಚಾಲನೆಗೊಳಿಸಿ, ಮರುಪ್ರಾಪ್ತಿ ಕೀಲಿಯನ್ನು ಬೇರೆಡೆ ಜೋಪಾನವಾಗಿಡುವ ಶಿಸ್ತೊಂದು ಬೇಕು, ಅಷ್ಟೆ.

ಈ ಶಿಸ್ತಿಲ್ಲದೆ ದೊಡ್ಡ ದೊಡ್ಡ ಸಂಸ್ಥೆಗಳೇ ಎಡವಿವೆ. 2006ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ನೇಷನ್‌ವೈಡ್ ಎಂಬ ಹಣಕಾಸು ಸಂಸ್ಥೆಯ ನೌಕರನೊಬ್ಬನ ಮನೆಯಿಂದ ಲ್ಯಾಪ್‌ಟಾಪ್ ಕಳುವಾಯಿತು. ಅದರಲ್ಲಿ ಗ್ರಾಹಕರ ಗೋಪ್ಯ ಮಾಹಿತಿಯಿತ್ತೆಂಬ ಅರಿವೇ ಇಲ್ಲದ ಸಂಸ್ಥೆ, ಮೂರು ವಾರಗಳ ಕಾಲ ತನಿಖೆಯನ್ನೇ ಆರಂಭಿಸಲಿಲ್ಲ. ಅಲ್ಲಿನ ಹಣಕಾಸು ನಿಯಂತ್ರಕರು 2007ರಲ್ಲಿ 9.8 ಲಕ್ಷ ಪೌಂಡ್ ದಂಡ ವಿಧಿಸಿದರು. 2014ರಲ್ಲಿ ಅಮೆರಿಕದ ಕೋಕಾ-ಕೋಲಾ ಕಂಪನಿಯು, ಮಾಜಿ ನೌಕರನೊಬ್ಬ ಕದ್ದ ಲ್ಯಾಪ್‌ಟಾಪುಗಳಲ್ಲಿ ಸುಮಾರು 74 ಸಾವಿರ ಮಂದಿಯ ವಿವರಗಳಿದ್ದವೆಂದು ಪ್ರಕಟಿಸಿತು. ಲ್ಯಾಪ್‌ಟಾಪುಗಳನ್ನು ಎನ್‌ಕ್ರಿಪ್ಟ್ ಮಾಡಬೇಕೆಂಬ ನಿಯಮ ಕಂಪನಿಯಲ್ಲಿತ್ತು. ಕಳುವಾದವುಗಳಿಗೆ ಮಾತ್ರ ಅದು ಅನ್ವಯವಾಗಿರಲಿಲ್ಲ.

ದುಬೈ, ಅಬುಧಾಬಿಗಳಲ್ಲಿ ಕಳ್ಳತನ ವಿರಳವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ, ಅದಕ್ಕೆ ಕಾರಣವೂ ಇದೆ. ಕಳೆದ ವಸ್ತುವನ್ನು ಪೊಲೀಸರು ಮರಳಿಸಿದ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಯಂತ್ರ ಮರಳಿ ಬಂದರೂ, ನಡುವೆ ಅದರ ನಕಲು ಯಾರ ಬಳಿ ಉಳಿಯಿತೆಂದು ಯಾರು ಹೇಳಬಲ್ಲರು? ಮಾಹಿತಿ ಸೋರಿಕೆ ಈ ನೆಲಕ್ಕೆ ಹೊಸತೂ ಅಲ್ಲ. ದುಬೈಯಲ್ಲಿ ಹುಟ್ಟಿ ಬೆಳೆದ ಟ್ಯಾಕ್ಸಿ ಸೇವೆ ಕರೀಮ್‌ನ ಪ್ರಕರಣವನ್ನೇ ನೋಡಿ. ಅದು ಲ್ಯಾಪ್‌ಟಾಪ್ ಕಳವಲ್ಲ, ಕಂಪ್ಯೂಟರ್ ವ್ಯವಸ್ಥೆಗೇ ಹಾಕಿದ ಕನ್ನ. 1.4 ಕೋಟಿ ಬಳಕೆದಾರರ ಹೆಸರು, ದೂರವಾಣಿ ಸಂಖ್ಯೆ, ಪ್ರಯಾಣದ ವಿವರಗಳು ಅನ್ಯರ ಪಾಲಾದವು. 2018ರ ಜನವರಿ 14ರಂದು ತಿಳಿದ ಸಂಗತಿಯನ್ನು ಕಂಪನಿ ಗ್ರಾಹಕರಿಗೆ ತಿಳಿಸಿದ್ದು ಏಪ್ರಿಲ್ 23ರಂದು. ಆ ಮೂರು ತಿಂಗಳು ಗ್ರಾಹಕರು ಏನೂ ತಿಳಿಯದೆ ಕಳೆದರು.

ಅನಿವಾಸಿಗೆ ಈ ಕತ್ತಲೆ ಹೆಚ್ಚು ದುಬಾರಿ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. 784ರಿಂದ ಆರಂಭವಾಗಿ, ಹುಟ್ಟಿದ ವರ್ಷವನ್ನೂ ಒಳಗೊಂಡ ಎಮಿರೇಟ್ಸ್ ಐಡಿಯ 15 ಅಂಕಿಗಳು ಕಾರ್ಡ್ ನವೀಕರಿಸಿದರೂ ಬದಲಾಗುವುದಿಲ್ಲ. ಮುಸಫ್ಫಾದ ಕಾರ್ಮಿಕ ಶಿಬಿರದಲ್ಲಿರುವ ಯುವಕನಿಗೆ, ತನ್ನ ಹೆಸರಿನಲ್ಲಿ ಬೇರೊಬ್ಬ ಸಿಮ್ ಪಡೆದನೆಂದೋ ಸಾಲಕ್ಕೆ ಅರ್ಜಿ ಹಾಕಿದನೆಂದೋ ಗೊತ್ತಾಗುವುದು ವಿಚಾರಣೆಯ ಕರೆ ಬಂದಾಗಲೇ ಇರಬಹುದು. ಭಾಷೆ ಬಾರದ, ವಕೀಲರ ಬಲವಿಲ್ಲದ ಅವನು ತಾನು ನಿರಪರಾಧಿ ಎಂದು ಸಾಬೀತುಪಡಿಸಲು ಕೆಲಸಕ್ಕೆ ರಜೆ ಹಾಕಿ ಅಲೆಯಬೇಕು.

ಕಾನೂನು ಇಲ್ಲವೆಂದಲ್ಲ. ವೈಯಕ್ತಿಕ ಮಾಹಿತಿ ರಕ್ಷಣೆಯ 2021ರ ಒಕ್ಕೂಟ ಕಾನೂನು 2022ರ ಜನವರಿ 2ರಂದು ಜಾರಿಗೆ ಬಂದಿದೆ. ಭದ್ರತಾ ಕ್ರಮಗಳಲ್ಲಿ ಎನ್‌ಕ್ರಿಪ್ಷನ್ನನ್ನು ಅದು ಹೆಸರಿಸುತ್ತದೆ, ಸೋರಿಕೆಯನ್ನು ವರದಿ ಮಾಡಬೇಕೆನ್ನುತ್ತದೆ. ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರಕ್ಕೆ 2020ರದು, ಅಬುಧಾಬಿ ಗ್ಲೋಬಲ್ ಮಾರ್ಕೆಟ್‌ಗೆ 2021ರದು ಎಂದು ಪ್ರತ್ಯೇಕ ನಿಯಮಗಳಿವೆ. ಆದರೆ ಒಕ್ಕೂಟ ಕಾನೂನಿನ ಕಾರ್ಯನಿಯಮಗಳು ವರ್ಷಗಟ್ಟಲೆ ವಿಳಂಬವಾದವು. ಹಣಕಾಸು ಕೇಂದ್ರದ ಬ್ಯಾಂಕಿನಲ್ಲಿರುವ ಎಚ್ಚರ ದೇರಾದ ಟೈಪಿಂಗ್ ಸೆಂಟರಿಗೂ ತಲುಪಬೇಕಾದರೆ, ಗ್ರಾಹಕರೇ ಕೇಳಲು ಕಲಿಯಬೇಕು.

ನಮ್ಮವರಿಗೆ ಹಕ್ಕು ಕೇಳುವುದು ಹೊಸತಲ್ಲ. ನೌಕರನ ಪಾಸ್‌ಪೋರ್ಟನ್ನು ಮಾಲೀಕ ತನ್ನ ಬಳಿ ಇಟ್ಟುಕೊಳ್ಳಬಾರದೆಂದು ಇಲ್ಲಿನ ಕಾನೂನು ಹೇಳುತ್ತದೆ, ಆ ಮಾತು ಇಂದು ಸಾಮಾನ್ಯ ಕಾರ್ಮಿಕನಿಗೂ ತಿಳಿದಿದೆ. ಅಸಲಿನ ಬಗ್ಗೆ ಬೆಳೆದ ಈ ತಿಳಿವಳಿಕೆ ನಕಲಿನ ಬಗ್ಗೆಯೂ ಬೆಳೆಯಬೇಕಾಗಿದೆ. ಈ ಪ್ರತಿ ಏಕೆ ಬೇಕು, ಎಲ್ಲಿಡುತ್ತೀರಿ, ಎಂದು ಅಳಿಸುತ್ತೀರಿ ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬಹುದು. ಎಲ್ಲೆಲ್ಲಿ ಒಪ್ಪುತ್ತಾರೋ ಅಲ್ಲಿ ಯುಎಇ ಪಾಸ್ ಮೂಲಕವೇ ದಾಖಲೆ ಹಂಚಿಕೊಳ್ಳಬಹುದು. ಪ್ರತಿಯ ಮೇಲೆ ಯಾವ ಉದ್ದೇಶಕ್ಕೆ, ಯಾವ ದಿನಾಂಕದಂದು ಕೊಟ್ಟದ್ದೆಂದು ಅಡ್ಡಲಾಗಿ ಬರೆಯಬಹುದು.

ಈ ಕೆಲಸವನ್ನು ನಮ್ಮ ಸಂಘಗಳಿಂದಲೇ ಆರಂಭಿಸಬಹುದು. ರಾಜ್ಯೋತ್ಸವಕ್ಕೆ, ಕ್ರೀಡಾಕೂಟಕ್ಕೆ, ರಕ್ತದಾನ ಶಿಬಿರಕ್ಕೆ ಸದಸ್ಯರ ಹೆಸರು, ದೂರವಾಣಿ, ಮಕ್ಕಳ ವಯಸ್ಸುಗಳನ್ನು ಸಂಗ್ರಹಿಸುವ ಪದಾಧಿಕಾರಿಗಳು ಪ್ರೀತಿಯಿಂದ ದುಡಿಯುವವರು. ಅವಧಿ ಮುಗಿದ ಮೇಲೆ ಆ ಪಟ್ಟಿ ಯಾರ ಲ್ಯಾಪ್‌ಟಾಪಿನಲ್ಲಿ ಉಳಿಯಿತೆಂದು ಹೊಸ ಸಮಿತಿ ವಿಚಾರಿಸಲಿ. ಬೇಕಾದಷ್ಟೇ ಪಡೆದು, ಎನ್‌ಕ್ರಿಪ್ಟ್ ಮಾಡಿದ ಒಂದೇ ಕಡೆ ಇಟ್ಟು, ಕಾರ್ಯಕ್ರಮ ಮುಗಿದೊಡನೆ ಅಳಿಸುವ ಪದ್ಧತಿಯನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲೇ ಠರಾವು ಮಾಡಿಕೊಳ್ಳಲಿ. ತಮ್ಮಲ್ಲಿ ಇದನ್ನು ಪಾಲಿಸುವ ಸಮುದಾಯಕ್ಕೆ, ಕಂಪನಿಗಳನ್ನು ಕೇಳುವ ನೈತಿಕ ಬಲವೂ ಬರುತ್ತದೆ.