ತೋಟ ಇಡುಕ್ಕಿಯಲ್ಲಿ, ಕಡತ ಬೋಡಿಯಲ್ಲಿ: ನಡುವಿನ ಬಾಗಿಲಿಗೆ ಬೀಗ ಇದೆಯೇ?

ತೇನಿ: ಕಂಬಂ ಕಣಿವೆಯ ಎಷ್ಟೋ ಏಲಕ್ಕಿ ಬೆಳೆಗಾರರ ತೋಟ ಇರುವುದು ಘಟ್ಟದ ಮೇಲೆ, ಕೇರಳದ ಇಡುಕ್ಕಿ ಜಿಲ್ಲೆಯಲ್ಲಿ. ಗೋದಾಮು, ಲೆಕ್ಕಪತ್ರ, ಬ್ಯಾಂಕು ಎಲ್ಲ ಕೆಳಗೆ ಬೋಡಿನಾಯಕನೂರಿನಲ್ಲೋ ಕಂಬಂನಲ್ಲೋ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಘಟ್ಟ ಹತ್ತಿದರೆ ಮಲಯಾಳ ಆಡುವ ನಮ್ಮವರಿಗೆ ಈ ಓಡಾಟ ಹೊಸದಲ್ಲ. ಕಚೇರಿಯ ಕಡತವೂ ಜತೆಗೇ ಘಟ್ಟ ಹತ್ತಬೇಕು ಎಂಬುದು ಹೊಸ ಬಯಕೆ.

ಬಯಕೆ ನ್ಯಾಯವಾದದ್ದೇ. ಏಲಕ್ಕಿ ಹರಾಜು 2007ರಲ್ಲೇ ಕಂಪ್ಯೂಟರಿಗೆ ಬಂತು. 2021ರಲ್ಲಿ ಬೋಡಿ ಮತ್ತು ಪುಟ್ಟಡಿಯ ಹರಾಜು ಕೇಂದ್ರಗಳನ್ನೇ ಅಂತರ್ಜಾಲದ ಮೂಲಕ ಜೋಡಿಸಲಾಯಿತು. 2020ರ ಲಾಕ್‌ಡೌನ್ ಅಂತೂ ಮನೆಯಿಂದಲೇ ಕಚೇರಿ ನಡೆಸುವುದನ್ನು ಎಲ್ಲರಿಗೂ ಕಲಿಸಿತು. ಹರಾಜು ಘಟ್ಟ ದಾಟಿದ ಮೇಲೆ ಲೆಕ್ಕದ ಫೈಲು ಮಾತ್ರ ಏಕೆ ದಾಟಬಾರದು?

ಝಡ್ ಡ್ರೈವ್ ಮನೆಯಲ್ಲಿ ಏಕೆ ತೆರೆಯದು?

ಕಚೇರಿಯ ಒಂದು ಕಂಪ್ಯೂಟರಿನ ಫೋಲ್ಡರನ್ನು ಇತರ ಕಂಪ್ಯೂಟರುಗಳಲ್ಲಿ 'ಝಡ್' ಎಂಬ ಅಕ್ಷರದಡಿ ಕಾಣಿಸುವ ಏರ್ಪಾಡೇ ನೆಟ್‌ವರ್ಕ್ ಡ್ರೈವ್. ವಿಂಡೋಸ್‌ನಲ್ಲಿ ಇದಕ್ಕೆ ಎಸ್‌ಎಂಬಿ ಎಂಬ ವ್ಯವಸ್ಥೆ, 445ನೇ ಪೋರ್ಟ್ ಬಳಕೆಯಾಗುತ್ತವೆ. ಒಂದೇ ಕಟ್ಟಡದ ಒಳಗಿನ ಬಳಕೆಗೆ ಹೇಳಿ ಮಾಡಿಸಿದ್ದು ಇದು. ತೋಟದಲ್ಲಿ ಕೂತು ಒತ್ತಿದರೆ ಡ್ರೈವ್ ಮೇಲೆ ಕೆಂಪು ಗುರುತು ಕಾಣುವುದು ಅದಕ್ಕೇ.

ಇಲ್ಲಿ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಕಚೇರಿಯ ರೂಟರ್‌ನಲ್ಲಿ 445ನೇ ಪೋರ್ಟನ್ನೇ ಹೊರಜಗತ್ತಿಗೆ ತೆರೆದುಬಿಡುತ್ತಾರೆ. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಆದರೆ ಅಂಗಡಿಯ ಹಿಂಬಾಗಿಲು ತೆಗೆದಿಟ್ಟು ಮಲಗಿದ ಹಾಗೆ.

2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಇದೇ ಎಸ್‌ಎಂಬಿಯ ದೋಷ ಹಿಡಿದು ಸುಮಾರು 150 ದೇಶಗಳಿಗೆ ನುಗ್ಗಿತು. ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಕೇರಳದಲ್ಲಿ ವಯನಾಡಿನ ತರಿಯೋಡು, ಪತ್ತನಂತಿಟ್ಟದ ಅರುವಾಪ್ಪುಲಂ ಪಂಚಾಯಿತಿ ಕಚೇರಿಗಳೂ ಸಿಕ್ಕಿಬಿದ್ದವು. ಅದಕ್ಕೆ ಮದ್ದನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕಿಕೊಳ್ಳದವರು ಕೆಟ್ಟರು.

ಸರಿದಾರಿ ಯಾವುದು?

ಮೊದಲು ವಿಪಿಎನ್, ಆಮೇಲೆ ಡ್ರೈವ್. ವಿಪಿಎನ್ ಎಂದರೆ ಮನೆಯ ಕಂಪ್ಯೂಟರಿನಿಂದ ಕಚೇರಿಗೆ ಹಾಕುವ ಗುಪ್ತ ಸುರಂಗ. ಈ ಸೌಲಭ್ಯವಿರುವ ರೂಟರ್‌ಗಳು ಪೇಟೆಯಲ್ಲಿ ಸಿಗುತ್ತವೆ. ಸುರಂಗ ಜೋಡಣೆಯಾದ ಮೇಲೆ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಒತ್ತಿ, ಕಚೇರಿ ಕಂಪ್ಯೂಟರಿನ ಹೆಸರು ಮತ್ತು ಫೋಲ್ಡರ್ ಕೊಡಿ. ಹೆಸರಿಗೆ ಓಗೊಡದಿದ್ದರೆ ಅದರ ಐಪಿ ಸಂಖ್ಯೆ ಕೊಡಿ. ಪಾಸ್‌ವರ್ಡ್ ಕೇಳಿದಾಗ ಮನೆಯದ್ದಲ್ಲ, ಕಚೇರಿಯದ್ದು ಹಾಕಿ.

ಮೊಬೈಲ್ ಸಿಗ್ನಲ್ ಬಂದು ಹೋಗುವ ತೋಟದಲ್ಲಿ ದೊಡ್ಡ ಲೆಕ್ಕದ ಫೈಲನ್ನು ಹೀಗೆ ತೆರೆಯುವುದು ಕ್ಷೇಮವಲ್ಲ. ನಡುವೆ ಸಂಪರ್ಕ ಕಡಿದರೆ ಫೈಲ್ ಕೆಡಬಹುದು. ಅಂಥ ಕಡೆ ವಿಪಿಎನ್ ಒಳಗಿಂದಲೇ ರಿಮೋಟ್ ಡೆಸ್ಕ್‌ಟಾಪ್ ಬಳಸುವುದು ಮೇಲು. ಆಗ ಪರದೆಯ ಚಿತ್ರ ಮಾತ್ರ ಘಟ್ಟ ಹತ್ತುತ್ತದೆ, ಫೈಲು ಬೋಡಿಯಲ್ಲೇ ಉಳಿಯುತ್ತದೆ.

ಕಾಣುವುದೆಲ್ಲ ಪ್ರತಿಯಲ್ಲ

ಝಡ್ ಡ್ರೈವ್‌ನಲ್ಲಿ ಫೈಲ್ ಕಂಡರೆ ಇನ್ನೊಂದು ಪ್ರತಿ ಇದೆ ಎಂದು ತಿಳಿಯಬೇಡಿ. ಅದು ಕಚೇರಿಯ ಮೂಲ ಫೈಲೇ. ಮಗ ಆಟ ಡೌನ್‌ಲೋಡ್ ಮಾಡಿ ಲ್ಯಾಪ್‌ಟಾಪಿಗೆ ವೈರಸ್ ತಂದರೆ, ಸುರಂಗ ಇದ್ದರೂ ಅದು ಝಡ್ ಡ್ರೈವ್ ಹಿಡಿದು ಕಚೇರಿಗೆ ಇಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಬೇರೆ ಹಾರ್ಡ್ ಡಿಸ್ಕಿಗೆ ಪ್ರತಿ ತೆಗೆದು, ವೈರ್ ಕಿತ್ತು ಬೀರುವಿನಲ್ಲಿಡಿ.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆಯ ಕಂಪ್ಯೂಟರನ್ನೇ ಕಡತದ ಮನೆ ಮಾಡಿಕೊಂಡವರು ಈಗಲೇ ಯೋಚಿಸಬೇಕು.

ಬೋಡಿಯ ಏಲಕ್ಕಿ ಮಂಡಿಗೆ ಹೇಳಿದ್ದು ಚಿನ್ನಾಳಪಟ್ಟಿಯ ಸೀರೆ ಅಂಗಡಿಗೂ ಸಲ್ಲುತ್ತದೆ. ಕಂಪ್ಯೂಟರ್ ಹುಡುಗ ಕೆಲಸ ಮುಗಿಸಿ ಹೊರಟಾಗ 'ಝಡ್ ಕಾಣಿಸ್ತಿದೆಯಾ?' ಎಂದಷ್ಟೇ ಕೇಳಿ ದುಡ್ಡು ಕೊಡಬೇಡಿ. '445 ಹೊರಗೆ ತೆರೆದಿದ್ದೀಯಾ, ತಮ್ಮಾ?' ಎಂದೂ ಕೇಳಿ.