ಕ್ಯಾಶ್ ಕ್ಲಿಯರ್ ಮಾಡಿ ಎನ್ನುವವರಿಗೆ

ಮಧ್ಯಾಹ್ನದ ಊಟ ಮುಗಿದ ಮೇಲೆ ನೊಯ್ಡಾದ ನಮ್ಮ ಮನೆಯಲ್ಲಿ ಅಮ್ಮನದು ಒಂದೇ ಮಾತು: "ಈಗ ಯಾವ ಪಿಚ್ಚರ್ ಬರುತ್ತೆ ನೋಡೋ." ರಿಮೋಟ್ ಒತ್ತಿದರೆ ಟಿವಿ ಆ್ಯಪಿನ ಗೈಡ್ ತೆರೆದುಕೊಳ್ಳುತ್ತದೆ. ಹಿಂದಿ ಚಾನೆಲ್ಲುಗಳ ಎದುರು ನಾಳೆ ರಾತ್ರಿಯವರೆಗಿನ ಕಾರ್ಯಕ್ರಮಗಳು ಹೆಸರು, ಹೊತ್ತು ಸಮೇತ ಸಾಲಾಗಿ ನಿಂತಿವೆ. ಕೆಳಗಿಳಿದು ಕನ್ನಡಕ್ಕೆ ಬಂದರೆ ಬೂದು ಪಟ್ಟಿ. ಅದರ ಮೇಲೆ ಇಂಗ್ಲಿಷಿನಲ್ಲಿ, ಮಾಹಿತಿ ಲಭ್ಯವಿಲ್ಲ ಎಂಬ ಒಕ್ಕಣೆ. ಚಾನೆಲ್ಲೇನೋ ಬರುತ್ತದೆ, ಚಿತ್ರವೂ ಚೊಕ್ಕವಾಗಿದೆ. ಮೊನ್ನೆ ಹಾಗೇ ಹಾಕಿದರೆ ಎದುರಿಗೆ ರಾಜ್‌ಕುಮಾರ್. "ಅಯ್ಯೋ, ಕಸ್ತೂರಿ ನಿವಾಸ ಕಣೋ! ಮುಗಿಯೋಕೇ ಬಂದುಬಿಟ್ಟಿದೆ" ಎಂದು ಅಮ್ಮ ರಿಮೋಟ್ ಕೆಳಗಿಟ್ಟಳು. ಅಷ್ಟು ದೊಡ್ಡ ಸಿನಿಮಾದಲ್ಲಿ ಅವಳ ಪಾಲಿಗೆ ಸಿಕ್ಕಿದ್ದು ಪಾರಿವಾಳ ಹೋದ ಮೇಲಿನ ದುಃಖ ಮಾತ್ರ.

ಈ ಬೂದು ಪಟ್ಟಿಯ ಬಗ್ಗೆ ಸಹಾಯವಾಣಿಗೆ ನಾನು ಆರು ಸಲ ಫೋನ್ ಮಾಡಿದ್ದೇನೆ. ಕ್ಯಾಶ್ ಕ್ಲಿಯರ್ ಮಾಡಿ. ಲಾಗ್‌ಔಟ್ ಆಗಿ ಮತ್ತೆ ಲಾಗಿನ್ ಆಗಿ. ಆ್ಯಪ್ ತೆಗೆದು ಹೊಸದಾಗಿ ಹಾಕಿ. ರೂಟರ್ ಹತ್ತು ನಿಮಿಷ ಆರಿಸಿಡಿ. ಎಲ್ಲವನ್ನೂ ಮಾಡಿದೆ, ಪಾಸ್‌ವರ್ಡ್ ಮರೆತು ಅರ್ಧ ದಿನ ಟಿವಿಯೇ ಇಲ್ಲದಂತಾದದ್ದು ಬಂದ ಲಾಭ. ಆರನೇ ಸಲ ಕೇಳಿದರು: "ಸರ್, ನಿಮ್ಮ ಟಿವಿ ಹಳೇದಾ?" ನನ್ನ ಸಿಟ್ಟು ಇಲ್ಲಿಯೇ. ಅವರ ಉಗ್ರಾಣದಲ್ಲಿ ಅಕ್ಕಿ ಇಲ್ಲ. ಬೈಸಿಕೊಳ್ಳುವುದು ನಮ್ಮ ಮನೆಯ ಒಲೆ.

ಒಲೆಯದ್ದೇ ತಪ್ಪಿರುವ ಸಂದರ್ಭಗಳೂ ಇವೆ, ಇಲ್ಲವೆನ್ನುವುದಿಲ್ಲ. ಎಲ್ಲ ಭಾಷೆಯ ಎಲ್ಲ ಚಾನೆಲ್ಲಿಗೂ ಗೈಡ್ ಖಾಲಿಯಾಗಿದ್ದರೆ ಮೊದಲು ಟಿವಿಯ ದಿನಾಂಕ, ಗಡಿಯಾರ ನೋಡಿ. ಅದು ತಪ್ಪಿದ್ದರೆ ಇಂದಿನ ಪಟ್ಟಿ ಎಲ್ಲಿಂದ ಸಿಕ್ಕೀತು? ಆಗ ರೂಟರ್ ಆರಿಸುವುದರಲ್ಲೂ ಅರ್ಥವಿದೆ. ಆದರೆ ಹಿಂದಿ ತುಂಬಿ ಕನ್ನಡ ಮಾತ್ರ ಖಾಲಿ ಇದ್ದರೆ? ಅದೇ ಆ್ಯಪ್, ಅದೇ ಕ್ಯಾಶ್, ಅದೇ ರೂಟರ್. ಕನ್ನಡವನ್ನಷ್ಟೇ ಆರಿಸಿ ತಿಂದುಹಾಕುವ ಕ್ಯಾಶ್ ಇನ್ನೂ ಹುಟ್ಟಿಲ್ಲ.

ಇಂಟರ್ನೆಟ್ ಟಿವಿಯ ಒಳಗುಟ್ಟು ಗೊತ್ತಾದರೆ ಇದು ತಾನಾಗಿ ಅರ್ಥವಾಗುತ್ತದೆ. ಡಿಟಿಎಚ್‌ನಲ್ಲಿ ಕಾರ್ಯಕ್ರಮಗಳ ಪಟ್ಟಿ ಚಿತ್ರದ ಜೊತೆಗೇ, ಅದೇ ಸಿಗ್ನಲ್‌ನಲ್ಲಿ ಬರುತ್ತದೆ. ಆ್ಯಪಿನಲ್ಲಿ ಚಿತ್ರ ಒಂದು ದಾರಿಯಿಂದ, ಪಟ್ಟಿ ಬೇರೊಂದು ದಾರಿಯಿಂದ. ಪಟ್ಟಿಯೆಂದರೆ ಒಂದು ಫೈಲು. ಎಕ್ಸ್‌ಎಂಎಲ್‌ಟಿವಿ ಎಂಬುದು ಅದರ ಒಂದು ಪ್ರಚಲಿತ ರೂಪ. ಅದರಲ್ಲಿ ಪ್ರತಿ ಚಾನೆಲ್ಲಿಗೂ ಒಂದು ಗುರುತಿನ ಸಂಕೇತ, ಪ್ರತಿ ಕಾರ್ಯಕ್ರಮಕ್ಕೂ ಶುರುವಾಗುವ, ಮುಗಿಯುವ ಹೊತ್ತು. ಆ ಸಂಕೇತವೂ ಆ್ಯಪಿನಲ್ಲಿರುವ ಚಾನೆಲ್ಲಿನ ಸಂಕೇತವೂ ಅಕ್ಷರಶಃ ಹೊಂದಬೇಕು. ಚಾನೆಲ್ಲು ಹೆಸರು ಬದಲಿಸಿತು, ಎಚ್‌ಡಿ ಆಯಿತು, ಇಲ್ಲಿ ಯಾರೂ ತಿದ್ದಲಿಲ್ಲ ಎಂದರೆ ಪಟ್ಟಿ ಖಾಲಿ, ಇಲ್ಲವೇ ಪಕ್ಕದ ಚಾನೆಲ್ಲಿನ ಧಾರಾವಾಹಿಯ ಹೆಸರು ಇಲ್ಲಿ. ಎಲ್ಲ ಕಾರ್ಯಕ್ರಮಗಳೂ ಐದೂವರೆ ಗಂಟೆ ಆಚೀಚೆ ಕಂಡರೆ, ಭಾರತೀಯ ವೇಳೆಗೂ ಗ್ರೀನಿಚ್ ವೇಳೆಗೂ ಇರುವ ಅಂತರವನ್ನು ಎಲ್ಲೋ ಕಳೆಯುವುದೋ ಕೂಡುವುದೋ ಮರೆತಿದ್ದಾರೆ ಎಂದು ತಿಳಿಯಿರಿ. ಇದ್ಯಾವುದೂ ಸೋಫಾದ ಮೇಲೆ ಕೂತವರು ರಿಪೇರಿ ಮಾಡುವ ಕೆಲಸವಲ್ಲ.

"ಕನ್ನಡ ಚಾನೆಲ್ಲಿನವರು ಪಟ್ಟಿ ಕೊಡುವುದಿಲ್ಲ ಸರ್" ಎಂಬ ಸಬೂಬೂ ಒಮ್ಮೆ ಬಂತು. ಅದಕ್ಕೆ ಅರಸೀಕೆರೆಯ ನಮ್ಮ ಚಿಕ್ಕಮ್ಮನೇ ಉತ್ತರ. ಅವರ ಮನೆಯ ಸೆಟ್‌ಟಾಪ್ ಬಾಕ್ಸಿನಲ್ಲಿ ಅದೇ ಚಾನೆಲ್ಲಿನ ನಾಳೆಯ ಸಿನಿಮಾಗಳ ಹೆಸರು ಕಾಣುತ್ತದೆ. ರಾತ್ರಿ ಫೋನಿನಲ್ಲಿ ಅವರು ಓದುತ್ತಾರೆ, ಅಮ್ಮ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾಳೆ. ಟಿವಿ ಉದ್ಯಮದಲ್ಲಿ ಎಫ್‌ಪಿಸಿ, ಅಂದರೆ ಫಿಕ್ಸ್ಡ್ ಪಾಯಿಂಟ್ ಚಾರ್ಟ್ ಎಂಬುದಿದೆ: ಯಾವ ದಿನ, ಎಷ್ಟು ಹೊತ್ತಿಗೆ, ಏನು ಎಂದು ಮುಂಗಡವಾಗಿ ಹಾಕಿಟ್ಟ ಪಟ್ಟಿ. ಅದಿಲ್ಲದೆ ಚಾನೆಲ್ ನಡೆಯುವುದಿಲ್ಲ. ಜಾಹೀರಾತಿನ ಹೊತ್ತು ಮಾರುವುದೇ ಅದನ್ನು ಮುಂದಿಟ್ಟುಕೊಂಡು. ಸೋಪು ಮಾರುವವರಿಗೆ ಗೊತ್ತಿರುವ ಸಂಗತಿ ಸಿನಿಮಾ ನೋಡುವವರಿಗೆ ಗೊತ್ತಿಲ್ಲ ಎಂದರೆ, ಕೊರತೆ ಮಾಹಿತಿಯದಲ್ಲ, ಅದನ್ನು ತಂದು ಮುಟ್ಟಿಸುವ ಮನಸ್ಸಿನದು.

ಇನ್ನು ಕಾನೂನು. ಟ್ರಾಯ್ 2017ರಲ್ಲಿ ತಂದ ಇಂಟರ್‌ಕನೆಕ್ಷನ್ ನಿಯಮಾವಳಿಯಲ್ಲಿ ಗೈಡ್‌ನ ಮಾತಿದೆ. ಒಂದೇ ಬಗೆಯ ಚಾನೆಲ್ಲುಗಳು ಒಟ್ಟಿಗಿರಬೇಕು, ಅದರೊಳಗೆ ಒಂದೇ ಭಾಷೆಯವು ಒಂದರ ಪಕ್ಕ ಒಂದು ಬರಬೇಕು. ಒಳ್ಳೆಯ ನಿಯಮವೇ. ಆದರೆ ಅದು ಕೇಬಲ್, ಡಿಟಿಎಚ್, ಐಪಿಟಿವಿಯಂಥ ವಿತರಕರಿಗೆ. ಬರೀ ಇಂಟರ್ನೆಟ್ಟಿನ ಮೇಲೆ ನಡೆಯುವ ಆ್ಯಪಿಗಲ್ಲ. ಅದೇ ಚಾನೆಲ್ಲು, ಅದೇ ಟಿವಿ, ತಂತಿ ಬದಲಾದ ಮಾತ್ರಕ್ಕೆ ನೋಡುವವರ ಹಕ್ಕು ಬದಲಾಗುತ್ತದೆ. ಟ್ರಾಯ್ ಕಚೇರಿ ನಮ್ಮ ಮನೆಯಿಂದ ಯಮುನೆ ದಾಟಿದರೆ ಸಿಗುತ್ತದೆ. ಅಲ್ಲಿನವರ ಮನೆಯ ಗೈಡ್‌ನಲ್ಲಿ ಹಿಂದಿ ಸಾಲು ತುಂಬಿರುವುದರಿಂದಲೋ ಏನೋ, ಇದು ಯಾರಿಗೂ ಒಂದು ವಿಷಯ ಅನ್ನಿಸಿದಂತಿಲ್ಲ.

ಈ ಊರಿಗೆ ಪಟ್ಟಿ ಹೊಸದೇನೂ ಅಲ್ಲ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಬಾನುಲಿ ಆರಂಭಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಿಂದ 'ದಿ ಇಂಡಿಯನ್ ಲಿಸನರ್' ಎಂಬ ಪತ್ರಿಕೆ ಹೊರಟಿತು; 1937ರಿಂದ ಹೊಸದಿಲ್ಲಿಯಿಂದ ಪ್ರಕಟವಾಯಿತು. ಅದರ ಕೆಲಸವೇ ಯಾವ ನಿಲಯದಲ್ಲಿ ಎಷ್ಟು ಹೊತ್ತಿಗೆ ಏನು ಎಂದು ಗಂಟೆ ನಿಮಿಷ ಸಮೇತ ಅಚ್ಚುಹಾಕುವುದು. 1958ರಲ್ಲಿ ಆ ಪತ್ರಿಕೆಗೂ ಮೈಸೂರಿನವರು ಇಟ್ಟ ಅದೇ ಹೆಸರು ಬಂತು, 'ಆಕಾಶವಾಣಿ'. ಮೊಳೆ ಜೋಡಿಸಿ, ಕಾಗದದ ಮೇಲೆ ಒತ್ತಿ, ಅಂಚೆಗೆ ಹಾಕಿ ಕಳಿಸಬಹುದಾಗಿದ್ದನ್ನು ಒಂದು ಫೈಲಿನಲ್ಲಿ ಕಳಿಸಲಾಗದೇ?

"ಈಗ ಯಾರು ಸಾರ್ ಹೊತ್ತು ನೋಡಿ ಟಿವಿ ಹಾಕ್ತಾರೆ, ಬೇಕಾದ್ದನ್ನು ಹುಡುಕಿ ನೋಡಬಹುದಲ್ಲ" ಎಂದು ಪಕ್ಕದ ಫ್ಲ್ಯಾಟಿನ ಹುಡುಗ ಹೇಳುತ್ತಾನೆ. ಹುಡುಕಲು ಹೆಸರು ಗೊತ್ತಿರಬೇಕು, ಇಂಗ್ಲಿಷಿನಲ್ಲಿ ಟೈಪಿಸಬೇಕು. ಅದಕ್ಕಿಂತ ಮುಖ್ಯವಾಗಿ, ಆ್ಯಪಿನ ಮುಖಪುಟದಲ್ಲಿ ಕಾಣುವುದು ಅವರು ನಮಗೆ ತೋರಿಸಬೇಕೆಂದುಕೊಂಡದ್ದು. ಗೈಡ್‌ನ ಒಂದು ಸಾಲು ಹಾಗಲ್ಲ. ಅಲ್ಲಿ ಎರಡು ಗಂಟೆಯಾದ ಮೇಲೆ ಮೂರು ಗಂಟೆ ಬರಲೇಬೇಕು. ಹಣ ಕೊಟ್ಟವರನ್ನು ಮುಂದಕ್ಕೆ ತಳ್ಳಲು ಅಲ್ಲಿ ಜಾಗವಿಲ್ಲ. ಊರು ಬಿಟ್ಟು ಹನ್ನೊಂದನೇ ಮಹಡಿಗೆ ಬಂದ ಮುದುಕಿಗೆ ದಿನವನ್ನು ಅಡಿಗೆ, ಸಿನಿಮಾ, ಧಾರಾವಾಹಿ, ಊಟ ಎಂದು ಭಾಗ ಮಾಡಿಕೊಳ್ಳಲು ಆ ಸಾಲು ಬೇಕು. ಅದೂ ಕನ್ನಡ ಲಿಪಿಯಲ್ಲಿದ್ದರೆ ನನ್ನನ್ನು ಕರೆಯುವ ಕಷ್ಟವೂ ತಪ್ಪುತ್ತಿತ್ತು.

ಆದ್ದರಿಂದ ಮುಂದಿನ ಸಲ ದೂರು ಕೊಡುವಾಗ ಹಿಂದಿ ಸಾಲೂ ಕನ್ನಡ ಸಾಲೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆದು ಕಳಿಸಿ. ಚಾನೆಲ್ಲಿನ ಹೆಸರು, ದಿನಾಂಕ, ಹೊತ್ತು ಬರೆಯಿರಿ. ಚಾನೆಲ್ಲಿನವರಿಗೂ ಒಂದು ಪ್ರತಿ ಹೋಗಲಿ. ಕ್ಯಾಶ್ ಕ್ಲಿಯರ್ ಮಾಡಿ ಎಂದರೆ ಮಾಡಿದ್ದೇನೆ ಎನ್ನಿ, ಆಮೇಲೆ ಕೇಳಿ: ಈ ಚಾನೆಲ್ಲಿನ ಪಟ್ಟಿ ನಿಮಗೆ ಕೊನೆಯದಾಗಿ ಬಂದದ್ದು ಯಾವ ತಾರೀಕು?