ಹಣ್ಣಾದ ಮೇಲೆ ಆರಂಭವಾಗುವ ಆಟ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ಶಿಕ್ಷಣದ ಧ್ಯೇಯವನ್ನೋ ಗುರುಶಿಷ್ಯ ಸಂಬಂಧವನ್ನೋ ಕುರಿತು ನಾಲ್ಕು ಪುಟ ಬರೆಯುವೆನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡಿರುವ ವಿಷಯವು ಮೊಬೈಲಿನೊಳಗಿನ ಆಟ. ಇಂಥ ಸಂಚಿಕೆಯಲ್ಲಿ ಇದಕ್ಕೆ ಎಡೆಯುಂಟೆ ಎಂದು ಹುಬ್ಬೇರಿಸುವ ಹಿರಿಯರಲ್ಲಿ ನನ್ನದೊಂದು ವಿನಂತಿಯಿದೆ. ಕುರ್ಡಿಯ ಯಾವುದಾದರೊಂದು ಗುಡಿಯ ಕಟ್ಟೆಯ ಬಳಿಗೆ ಒಂದು ಸಂಜೆ ಹೋಗಿ, ಅಲ್ಲಿ ತಲೆ ಬಗ್ಗಿಸಿ ಕುಳಿತ ಹುಡುಗರನ್ನು ಹತ್ತು ನಿಮಿಷ ನೋಡಿ ಬಂದು, ಅನಂತರ ಮುಂದಿನ ಸಾಲುಗಳನ್ನು ಓದುವ ಕೃಪೆ ಮಾಡಬೇಕು. ಆ ಹುಡುಗರಲ್ಲಿ ಅನೇಕರು ನಮ್ಮ ವಿದ್ಯಾರ್ಥಿಗಳೇ ಆಗಿದ್ದಾರೆ.

ನಮ್ಮ ಕಾಲದಲ್ಲಿ ಅದೇ ಕಟ್ಟೆಯ ಬಂಡೆಯ ಮೇಲೆ ಚೌಕಾಬಾರದ ಮನೆಗಳನ್ನು ಕೊರೆದಿದ್ದರು. ಕವಡೆ ಸಿಕ್ಕರೆ ಕವಡೆ, ಇಲ್ಲವಾದರೆ ಸೀಳಿದ ಹುಣಸೆಬೀಜ. ನಾಲ್ಕೂ ಕಾಯಿಗಳು ಸುತ್ತು ಬಳಸಿ ನಡುಮನೆಯನ್ನು ಸೇರಿ ಹಣ್ಣಾದುವೆಂದರೆ ಆಟ ಮುಗಿಯಿತು. ಗೆದ್ದವನೂ ಸೋತವನೂ ಎದ್ದು ದನ ಕಟ್ಟಲು ಹೋಗುತ್ತಿದ್ದರು. ಪರಮಪದ ಸೋಪಾನದ ಪಟದಲ್ಲಿಯೂ ಹಾಗೆಯೇ. ಏಣಿ ಹತ್ತಿ ಹಾವಿನ ಬಾಯಿಂದ ತಪ್ಪಿಸಿಕೊಂಡು ಮೇಲಿನ ಮನೆಯನ್ನು ಮುಟ್ಟಿದವನಿಗೆ ಅಲ್ಲಿಂದ ಮುಂದೆ ಮಾಡಬೇಕಾದುದು ಏನೂ ಉಳಿಯುತ್ತಿರಲಿಲ್ಲ. ಹಣ್ಣಾಗುವುದೆಂದರೆ ಮುಗಿಯುವುದು ಎಂಬುದನ್ನು ನಾವು ಪ್ರಶ್ನಿಸಿದ್ದೇ ಇಲ್ಲ.

ಸಾವಿರಾರು ಜನರು ಅಂತರ್ಜಾಲದ ಮೂಲಕ ಏಕಕಾಲಕ್ಕೆ ಕೂಡಿ ಆಡುವ ಪಾತ್ರಾಭಿನಯದ ಆಟಗಳು ಈ ನಿಯಮವನ್ನೇ ತಲೆಕೆಳಗು ಮಾಡಿವೆ. 1999ರಲ್ಲಿ ಬಂದ ಎವರ್‌ಕ್ವೆಸ್ಟ್, 2004ರ ನವೆಂಬರಿನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬಿವು ಈ ಜಾತಿಯಲ್ಲಿ ಪ್ರಸಿದ್ಧವಾದವು. ಎರಡನೆಯದರಲ್ಲಿ ಆಟಗಾರನು ತಾನು ಸೃಷ್ಟಿಸಿಕೊಂಡ ವೀರನನ್ನು ಒಂದನೆಯ ಮಟ್ಟದಿಂದ, ಆರಂಭದ ವರ್ಷಗಳಲ್ಲಿದ್ದ ಕಟ್ಟಕಡೆಯ ಅರವತ್ತನೆಯ ಮಟ್ಟದವರೆಗೆ ಏರಿಸಬೇಕಾಗಿತ್ತು. ಇದಕ್ಕೆ ವಾರಗಳು, ತಿಂಗಳುಗಳು ಹಿಡಿಯುತ್ತಿದ್ದುವು. ಅರವತ್ತು ಮುಟ್ಟಿದವನು ಹಣ್ಣಾದನೆಂದು ನಾವು ತಿಳಿಯುತ್ತೇವೆ. ಆಡುವವರು ಹೇಳುವುದೇ ಬೇರೆ: ನಿಜವಾದ ಆಟ ಶುರುವಾಗುವುದೇ ಅಲ್ಲಿಂದ ಎಂದು. ಅದಕ್ಕೆ ಅವರು ‘ಎಂಡ್‌ಗೇಮ್’ ಎನ್ನುತ್ತಾರೆ. ಅಂತ್ಯವೆಂಬ ಹೆಸರು ಹೊತ್ತೂ ಅಂತ್ಯವಿಲ್ಲದ ಭಾಗವದು.

ಅಲ್ಲಿ ವೀರನ ಮಟ್ಟ ಏರದು. ಏರುವುದು ಅವನು ತೊಟ್ಟ ಕವಚ, ಹಿಡಿದ ಕತ್ತಿ, ಬೆರಳಿನ ಉಂಗುರ. ಇವುಗಳನ್ನೆಲ್ಲ ಒಟ್ಟಾಗಿ ‘ಗೇರ್’ ಎನ್ನುವರು. ನಾವು ಸಜ್ಜು ಎನ್ನಬಹುದು. ಉತ್ತಮ ಸಜ್ಜು ಸಿಗುವುದು ಮಹಾದೈತ್ಯರನ್ನು ಕೊಂದಾಗ. ದೈತ್ಯರನ್ನು ಕೊಲ್ಲಬೇಕಾದರೆ ಮೊದಲೇ ಒಳ್ಳೆಯ ಸಜ್ಜಿರಬೇಕು. ಹೀಗಾಗಿ ಒಂದು ಗುಹೆಯ ಸಜ್ಜು ಮುಂದಿನ ಗುಹೆಗೆ ಕೀಲಿಕೈ. ಮುಂದಿನ ಗುಹೆಯದು ಅದರಾಚೆಯದಕ್ಕೆ. ಎಲ್ಲವನ್ನೂ ಗಳಿಸಿ ಉಸ್ಸೆನ್ನುವಷ್ಟರಲ್ಲಿ ಕಂಪನಿಯವರು ಹೊಸದೊಂದು ಕಂತನ್ನು ಹೊರತರುತ್ತಾರೆ. ನಿನ್ನೆಯ ವಜ್ರಕವಚ ಇಂದು ಗುಜರಿಯ ತಗಡಾಗುತ್ತದೆ.

ನಾನು ಈ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಇದೆಲ್ಲ ನನಗೆ ತಿಳಿದುದು ನನ್ನ ಒಬ್ಬ ಹಳೆಯ ಶಿಷ್ಯನಿಂದ. ಬೆಂಗಳೂರಿನಲ್ಲಿ ಇಂಜಿನಿಯರನಾಗಿರುವ ಆತ ಹಿಂದೆ ಕೆಲವು ವರ್ಷ ಈ ಆಟವನ್ನು ರಾತ್ರಿಗಳಲ್ಲಿ ಆಡುತ್ತಿದ್ದನಂತೆ. ಮೋಲ್ಟನ್ ಕೋರ್ ಎಂಬ ಬೆಂಕಿಯ ಗುಹೆಗೆ ನಲವತ್ತು ಜನರು ಕೂಡಿ ಇಳಿಯಬೇಕು. ಅದರೊಳಗೆ ಹತ್ತು ಮಂದಿ ದೈತ್ಯರು. ಒಬ್ಬ ಆಟಗಾರ ಕಾಲು ತಪ್ಪಿಟ್ಟರೂ ನಲವತ್ತೂ ಜನರು ಸಾಯುವ ಸಂಭವ. ಒಮ್ಮೆ ಕೊಂದ ದೈತ್ಯ ಆ ತಂಡಕ್ಕೆ ಮತ್ತೆ ಸಿಗುವುದು ಮುಂದಿನ ವಾರವೇ. ಇಷ್ಟಾಗಿ ಒಬ್ಬ ದೈತ್ಯನಿಂದ ಉದುರುವುದು ಎರಡೋ ಮೂರೋ ವಸ್ತುಗಳು.

“ನಲವತ್ತು ಮಂದಿ ಬೆವರು ಸುರಿಸಿದ್ದಕ್ಕ ಎರಡ ಸಾಮಾನು ಬೀಳ್ತಾವ್ರಿ ಸರ. ಯಾರಿಗೆ ಕೊಡಬೇಕು? ದೈತ್ಯನ್ನ ಹೊಡೆಯೋದು ಸಸಾರ, ಹಂಚೋದಽ ತ್ರಾಸ,” ಎಂದ.

ಈ ತ್ರಾಸಕ್ಕೆ ಆಟಗಾರರು ತಾವೇ ಕಂಡುಕೊಂಡ ಪರಿಹಾರವನ್ನು ಕೇಳಿ ನಾನು ಬೆರಗಾದೆ. ಕಂಪನಿಯವರು ಹಂಚಿಕೆಗೆ ಕೊಟ್ಟಿದ್ದುದು ಒಂದರಿಂದ ನೂರರವರೆಗೆ ಅಂಕಿಯೆಸೆಯುವ ದಾಳವನ್ನು. ದೊಡ್ಡ ಅಂಕಿ ಬಿದ್ದವನಿಗೆ ವಸ್ತು. ನಿನ್ನೆ ಬಂದವನಿಗೂ ಆರು ತಿಂಗಳು ದುಡಿದವನಿಗೂ ದಾಳ ಒಂದೇ. ಇದು ಅನ್ಯಾಯವೆಂದು ಕಂಡುದರಿಂದ, ಎವರ್‌ಕ್ವೆಸ್ಟಿನ ಆರಂಭಕಾಲದಲ್ಲಿಯೇ ಅದರ ಆಟಗಾರರ ಕೂಟಗಳು ಒಂದು ಲೆಕ್ಕದ ಪುಸ್ತಕವನ್ನು ತೆರೆದುವು. ಬಂದು ದುಡಿದ ಪ್ರತಿ ರಾತ್ರಿಗೂ ಇಂತಿಷ್ಟು ಅಂಕ ಜಮೆ. ವಸ್ತು ಪಡೆದಾಗ ಇಂತಿಷ್ಟು ಖರ್ಚು. ಇದಕ್ಕೆ ‘ಡ್ರ್ಯಾಗನ್ ಕಿಲ್ ಪಾಯಿಂಟ್ಸ್’ ಎಂದು ಹೆಸರಿಟ್ಟರು. ಬೇರೆ ಕೆಲವು ಕೂಟಗಳಲ್ಲಿ ಐದಾರು ಹಿರಿಯರ ಪಂಚಾಯಿತಿಯೇ ಕುಳಿತು, ಈ ಗುರಾಣಿ ಯಾರ ಕೈಯಲ್ಲಿದ್ದರೆ ತಂಡಕ್ಕೆಲ್ಲ ಹಿತವೆಂದು ನಿರ್ಣಯಿಸುತ್ತಿತ್ತು. ನನ್ನ ಶಿಷ್ಯ ಇಂಥದೊಂದು ಪಂಚಾಯಿತಿಯಲ್ಲಿ ಸದಸ್ಯನಾಗಿದ್ದನಂತೆ. ಎರಡು ವರ್ಷ ತನಗೆ ಬೇಕಾಗಿದ್ದ ಕತ್ತಿಯನ್ನು, ಅದು ಬಿದ್ದಾಗಲೆಲ್ಲ, ಬೇರೆಯವರಿಗೆ ಕೊಡಬೇಕೆಂದು ತಾನೇ ಕೈಯೆತ್ತಿದನಂತೆ. ಶಾಲೆಯಲ್ಲಿದ್ದಾಗ ಪೆನ್ಸಿಲನ್ನು ಸಹ ಯಾರಿಗೂ ಕೊಡದ ಹುಡುಗನಾಗಿದ್ದನವನು!

ನನ್ನ ಮನಸ್ಸು ಸುಗ್ಗಿಯ ಕಣಕ್ಕೆ ಹೋಯಿತು. ರಾಶಿಯಾದ ಮೇಲೆ ಮನೆಗೆ ಕಾಳು ಸಾಗುವ ಮುನ್ನ ಬಡಿಗನಿಗೆ, ಕಮ್ಮಾರನಿಗೆ, ಅಗಸನಿಗೆ, ಉಳಿದ ಆಯಗಾರರಿಗೆ ಅವರವರ ಪಾಲನ್ನು ಅಳೆಯುತ್ತಿದ್ದುದನ್ನು ಈ ಭಾಗದ ಹಿರಿಯರು ಬಲ್ಲರು. ಆ ಪದ್ಧತಿ ನ್ಯಾಯವಾಗಿತ್ತೆಂದು ನಾನು ಹೇಳೆನು. ಯಾರ ಪಾಲು ಎಷ್ಟೆಂಬುದನ್ನು ಬೆವರಿಗಿಂತ ಹೆಚ್ಚಾಗಿ ಹುಟ್ಟು ನಿರ್ಧರಿಸುತ್ತಿತ್ತು. ಅತಿ ಹೆಚ್ಚು ಮೈಮುರಿದವರು ಕಣದ ಅಂಚಿನಲ್ಲಿ ನಿಂತು ಸೆರಗೊಡ್ಡಬೇಕಾಗಿತ್ತು. ಆದರೆ ಕೂಡಿ ಬೆಳೆದುದನ್ನು ಹೇಗೆ ಹಂಚಬೇಕೆಂಬ ಪ್ರಶ್ನೆ ಮಾತ್ರ ಅಂದಿನ ಕಣದ್ದೂ ಹೌದು, ಇಂದಿನ ಬೆಂಕಿಗುಹೆಯದೂ ಹೌದು. ಹುಟ್ಟೂರು, ಜಾತಿ, ಮುಖ ಯಾವುದನ್ನೂ ಅರಿಯದ ನಲವತ್ತು ಜನರು ಈ ಪ್ರಶ್ನೆಯನ್ನು ಹಾಜರಿ ಪುಸ್ತಕದಿಂದ ಬಿಡಿಸಿಕೊಂಡರೆಂಬುದನ್ನು ತಿಳಿದ ಮೇಲೆ, ಈ ಆಟಗಳೆಲ್ಲ ಬರಿಯ ಬುದ್ಧಿಭ್ರಮಣೆ ಎಂದು ಹೇಳಲು ನನಗೆ ನಾಲಿಗೆ ಏಳುವುದಿಲ್ಲ.

ಸಂದರ್ಭ ಬಂದುದರಿಂದ ಒಂದು ಮಾತು. ದೈತ್ಯನಿಂದ ದೊರೆತ ವಸ್ತುಗಳಿಗೆ ಆಟಗಾರರು ಜಗತ್ತಿನಾದ್ಯಂತ ‘ಲೂಟ್’ ಎನ್ನುತ್ತಾರೆ. ಇದು ಇಂಗ್ಲಿಷಿನದೆಂದು ನಮ್ಮ ಹುಡುಗರ ನಂಬಿಕೆ. ವಾಸ್ತವವಾಗಿ ಇಂಗ್ಲಿಷರೇ ಅದನ್ನು ಹಿಂದಿಯಿಂದ ಒಯ್ದರು. ಕೃಷ್ಣೆ ತುಂಗಭದ್ರೆಗಳ ನಡುವಿನ ನಮ್ಮ ಎಡೆದೊರೆ ನಾಡಿಗಂತೂ, 1520ರ ರಾಯಚೂರು ಯುದ್ಧವೂ ಸೇರಿದಂತೆ ಶತಮಾನಗಳ ಕಾಲ ದಂಡು ತುಳಿದ ಈ ನೆಲಕ್ಕೆ, ಲೂಟಿ ಎಂಬ ಮಾತಿನ ಅರ್ಥವನ್ನು ಯಾರೂ ಕಲಿಸಬೇಕಾಗಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಾನು ಮೇಲೆ ಹೇಳಿದ ಆಟಕ್ಕೆ ತಿಂಗಳ ಚಂದಾ ಇತ್ತು. ಚಂದಾ ಕೊಟ್ಟವನು ಆಡಿದ. ದೈತ್ಯನನ್ನು ಕೊಂದವನು ವಸ್ತು ಪಡೆದ. ಮೊಬೈಲಿನ ಕಾಲದಲ್ಲಿ ವ್ಯಾಪಾರದ ರೀತಿಯೇ ಬದಲಾಯಿತು. ಆಟ ಪುಕ್ಕಟೆ, ಮಾರಾಟಕ್ಕಿಟ್ಟುದು ಮುಚ್ಚಿದ ಪೆಟ್ಟಿಗೆ. ಹಣ ತೆತ್ತು ಆಟದೊಳಗಿನ ನಾಣ್ಯ ಕೊಳ್ಳಬೇಕು, ನಾಣ್ಯದಿಂದ ಪೆಟ್ಟಿಗೆ ತೆರೆಯಬೇಕು. ಒಳಗೆ ಏನಿದೆಯೆಂಬುದು ತೆರೆದ ಮೇಲೆಯೇ ಗೊತ್ತು. ದೈತ್ಯನೂ ಇಲ್ಲ, ಒಡನಾಡಿಗಳೂ ಇಲ್ಲ, ಹಂಚುವ ಪ್ರಶ್ನೆಯೂ ಇಲ್ಲ. ಬೆರಳಿನ ಒಂದು ಒತ್ತು ಮಾತ್ರ.

ನಮ್ಮೂರಿಗೆ ಇದು ಬಂದ ದಾರಿ ಎಲ್ಲರಿಗೂ ಗೊತ್ತಿರುವುದೇ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ, ಪಾಠಕ್ಕಾಗಿ ಮಕ್ಕಳಿಗೆ ಫೋನು ಕೊಡಿಸಿರೆಂದು ಮನೆಮನೆಗೆ ಹೇಳಿಕಳಿಸಿದವರು ಶಿಕ್ಷಕರಾದ ನಾವೇ. ಅದನ್ನು ಮರೆತು ಪಾಲಕರನ್ನು ದೂರುವುದು ಸಲ್ಲದು. ಆ ವರ್ಷದ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು. 2022ರ ಜುಲೈಯಲ್ಲಿ ಮರೆಯಾಗಿ 2023ರ ಮೇಯಲ್ಲಿ ಮರಳಿತು. ಫ್ರೀ ಫೈರ್ 2022ರ ಫೆಬ್ರವರಿಯಲ್ಲಿ ನಿಷೇಧಕ್ಕೊಳಗಾಯಿತು. ಇವು ಪಾತ್ರಾಭಿನಯದ ಆಟಗಳಲ್ಲವೆಂಬುದನ್ನು ಒಪ್ಪುತ್ತೇನೆ. ಇಲ್ಲಿ ಪ್ರತಿ ಸಲವೂ ಬರಿಗೈಯಲ್ಲಿ ವಿಮಾನದಿಂದ ಇಳಿದು, ಸಿಕ್ಕ ಆಯುಧ ಹೆಕ್ಕಿಕೊಂಡು ಕಾದಾಡಬೇಕು. ಅರ್ಧ ಗಂಟೆಯೊಳಗೆ ಅದು ಮುಗಿಯುತ್ತದೆ. ಉಳಿದುಕೊಳ್ಳುವುದು ಪೆಟ್ಟಿಗೆಯಿಂದ ಬಂದ ಅಂಗಿ, ಬಂದೂಕಿನ ಬಣ್ಣ. ಬಿಜಿಎಂಐಯಲ್ಲಂತೂ ಅವುಗಳಿಂದ ಗೆಲವು ಸುಲಭವಾಗುವುದೆಂದು ಯಾರೂ ಹೇಳುವುದಿಲ್ಲ. ಬೇಕಾಗುವುದು ನಾಲ್ಕು ಜನ ಕಾಣಲೆಂದು.

ಎರಡು ವರ್ಷಗಳ ಹಿಂದೆ ಒಬ್ಬ ತಾಯಿ ನನ್ನ ಮನೆಗೆ ಬಂದರು. ಹತ್ತಿ ಬಿಡಿಸಿ ಬಂದ ಕೂಲಿಯನ್ನು ಬ್ಯಾಂಕಿನ ಖಾತೆಯಲ್ಲಿ ಇಟ್ಟಿದ್ದರು. ಒಂಬತ್ತನೆಯ ತರಗತಿಯ ಮಗ ಅವರ ಫೋನಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಆರು ಸಾವಿರದಷ್ಟನ್ನು ಒಂದು ಆಟದ ಪೆಟ್ಟಿಗೆಗಳಿಗೆ ಸುರಿದಿದ್ದ. “ಕಳ್ಳ ಆದ್ನೇನ್ರಿ ಸರ ನನ್ನ ಮಗ?” ಎಂದು ಆಕೆ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಹುಡುಗನನ್ನು ಕರೆಸಿ ಕೇಳಿದೆ. ಅವನ ವಾದ ಸರಳವಾಗಿತ್ತು: ಆ ಅಂಗಿ ಸಿಗುವುದು ನೂರಕ್ಕೆ ಒಂದು ಸಲ ಎಂದು ಆಟದಲ್ಲಿಯೇ ಬರೆದಿದೆ, ತಾನು ಎಂಬತ್ತು ಸಲ ತೆರೆದಾಗಿದೆ, ಇನ್ನಿಪ್ಪತ್ತರೊಳಗೆ ಅದು ಬರಲೇಬೇಕು.

ಮೂವತ್ತು ವರ್ಷ ಗಣಿತ ಕಲಿಸಿದ ನಾನು ತಲೆ ತಗ್ಗಿಸಿದ್ದು ಆ ಗಳಿಗೆಯಲ್ಲಿ. ನೂರಕ್ಕೆ ಒಂದೆಂದರೆ ನೂರನೆಯದರೊಳಗೆ ಖಂಡಿತ ಎಂದಲ್ಲ. ಪ್ರತಿ ಸಲವೂ ತಪ್ಪುವ ಸಂಭವ ನೂರರಲ್ಲಿ ತೊಂಬತ್ತೊಂಬತ್ತು. ಅದನ್ನು ಅದರಿಂದಲೇ ನೂರು ಸಲ ಗುಣಿಸಿದರೆ ಉಳಿಯುವುದು ಸುಮಾರು 0.37. ಎಂದರೆ ನೂರು ಹುಡುಗರು ತಲಾ ನೂರು ಪೆಟ್ಟಿಗೆ ತೆರೆದರೆ ಅವರಲ್ಲಿ ಮೂವತ್ತೇಳು ಮಂದಿಗೆ ಏನೂ ಸಿಗದು. ನೂರರಲ್ಲಿ ತೊಂಬತ್ತು ಮಂದಿಗೆ ಸಿಗಬೇಕಾದರೆ ತಲಾ 230 ಪೆಟ್ಟಿಗೆ ಬೇಕು. ಎಂಬತ್ತು ಸಲ ಸೋತಿರುವನೆಂಬುದು ಎಂಬತ್ತೊಂದನೆಯ ಪೆಟ್ಟಿಗೆಗೆ ತಿಳಿಯದು. (ಇಂತಿಷ್ಟು ಸಲದ ಮೇಲೆ ಖಚಿತವಾಗಿ ಕೊಡುವ ಆಟಗಳೂ ಉಂಟು, ಅಲ್ಲಿ ಆ ‘ಇಂತಿಷ್ಟ’ರ ಬೆಲೆಯೇ ಕಣ್ಣು ಕೋರೈಸುತ್ತದೆ.) ಯಾವಾಗ ಕಾಳು ಬೀಳುವುದೆಂದು ತಿಳಿಯದಾಗ ಪಾರಿವಾಳವು ಗುಂಡಿಯನ್ನು ಬಿಡದೆ ಕುಕ್ಕುವುದೆಂಬುದನ್ನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಕಳೆದ ಶತಮಾನದಲ್ಲಿಯೇ ತೋರಿಸಿದ್ದರು.

ಸರಕಾರಗಳು ಕಣ್ಣು ಮುಚ್ಚಿ ಕುಳಿತಿಲ್ಲ. ಪೆಟ್ಟಿಗೆಯೊಳಗಿನ ವಸ್ತುಗಳ ಸಂಭವವನ್ನು ಪ್ರಕಟಿಸಬೇಕೆಂದು ಚೀನವು 2017ರಲ್ಲಿ ವಿಧಿಸಿತು. ಹಣ ತೆತ್ತು ತೆರೆಯುವ ಇಂಥ ಪೆಟ್ಟಿಗೆ ಜೂಜೇ ಸರಿ ಎಂದು ಬೆಲ್ಜಿಯಂನ ಆಯೋಗವು 2018ರಲ್ಲಿ ಹೇಳಿತು. ನಮ್ಮ ರಾಜ್ಯವು 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. ಒಂದಂಕಿ ಲಾಟರಿಯಿಂದ ಹಾಳಾದ ಮನೆಗಳನ್ನು ಕಂಡವರಿಗೆ ಅದರ ಬೆಲೆ ಗೊತ್ತು. 2021ರಲ್ಲಿ ಆನ್‌ಲೈನ್ ಜೂಜನ್ನು ತಡೆಯಲು ಪೊಲೀಸ್ ಕಾಯಿದೆಗೆ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಉಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು, ಪಣವೊಡ್ಡಿ ಹಣದ ಲಾಭವನ್ನು ನಿರೀಕ್ಷಿಸುವ ಆಟಗಳನ್ನು ನಿಷೇಧಿಸುತ್ತದೆ. ಇ-ಕ್ರೀಡೆಗೂ ಸಾಮಾಜಿಕ ಆಟಗಳಿಗೂ ಮಾನ್ಯತೆ ಕೊಡುತ್ತದೆ. ಆದರೆ ಪೆಟ್ಟಿಗೆಯಿಂದ ಹೊರಬೀಳುವುದು ಹಣವಲ್ಲ, ಚಿತ್ರದ ಅಂಗಿ. ಪೆಟ್ಟಿಗೆಯನ್ನು ಹೆಸರಿಸಿ ಹೇಳುವ ಒಂದು ವಾಕ್ಯ ಆ ಕಾಯಿದೆಯಲ್ಲಿ ಇದ್ದಿದ್ದರೆ ಆ ತಾಯಿಯ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತು.

ಫೋನನ್ನೇ ಕಿತ್ತುಕೊಳ್ಳಿರೆಂದು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಹೇಳುವರು. ನಾನು ಒಪ್ಪಲಾರೆ. ಆಟವು ಹುಡುಗನಿಗೆ ಕೊಡುತ್ತಿರುವುದು ಏನೆಂಬುದನ್ನು ನಾವು ಮೊದಲು ಕೇಳಿಕೊಳ್ಳಬೇಕು. ಅಲ್ಲಿ ಅವನ ದುಡಿಮೆಗೆ ಪ್ರತಿದಿನವೂ ಲೆಕ್ಕವಿದೆ. ಅವನಿಲ್ಲದೆ ತಂಡ ಹೊರಡುವುದಿಲ್ಲ. ನಮ್ಮಲ್ಲಿ? ವರ್ಷಕ್ಕೊಮ್ಮೆ ವಾರ್ಷಿಕೋತ್ಸವ, ವೇದಿಕೆಗೆ ಕರೆಸಿಕೊಳ್ಳುವುದು ಮೊದಲ ಮೂವರನ್ನು. ಮೂವತ್ತೈದು ಅಂಕದಿಂದ ನಲವತ್ತೆಂಟಕ್ಕೆ ಏರಿದ ಹುಡುಗನ ಹೆಸರನ್ನು ನಾವು ಎಂದಾದರೂ ಧ್ವನಿವರ್ಧಕದಲ್ಲಿ ಕೂಗಿದ್ದೇವೆಯೆ? ಬಹುಮಾನ ನಿಧಿಗೆ ಉದಾರವಾಗಿ ಕೊಡುತ್ತಿರುವ ದಾನಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮುಂದಿನ ವರ್ಷದಿಂದ ಅದರ ಅರ್ಧ ಭಾಗವನ್ನು ಏರಿದವರಿಗೂ, ಜೊತೆಯವನನ್ನು ಏರಿಸಿದವರಿಗೂ ಮೀಸಲಿಡಲು ಅನುಮತಿ ಕೊಡಬೇಕು. ಸಂಜೆ ಆರರವರೆಗೆ ಮೈದಾನವನ್ನೂ ವಾಚನಾಲಯವನ್ನೂ ತೆರೆದಿಡಲು ಒಬ್ಬ ಸಿಪಾಯಿಯ ಸಂಬಳ ಬೇಕು. ಹಳೆಯ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಇದು ಭಾರವಲ್ಲ.

ಆ ಹುಡುಗನ ಸಂಗತಿ ಹೇಳಿ ಮುಗಿಸುತ್ತೇನೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂಬತ್ತನೆಯ ತರಗತಿಗೆ ಒಂದು ದಿನ ಹೋದೆ. ಹತ್ತು ಗಡಿಗೆಗಳು, ಒಂದೊಂದರಲ್ಲಿ ನೂರು ಹುಣಸೆಬೀಜ, ಅವುಗಳಲ್ಲಿ ಒಂದಕ್ಕೆ ಬಿಳಿಯ ಬಣ್ಣ. ಕಣ್ಣು ಮುಚ್ಚಿ ಒಂದನ್ನು ತೆಗೆದು, ನೋಡಿ, ಮರಳಿ ಹಾಕಿ ಕಲಕಬೇಕು. ಹೀಗೆ ತಲಾ ನೂರು ಸಲ. ನಲವತ್ತು ಮಕ್ಕಳಿಗೆ ಎರಡು ಅವಧಿ ಹಿಡಿಯಿತು. ಬಿಳಿಯ ಬೀಜ ಒಮ್ಮೆಯೂ ಸಿಗದವರು ಹದಿನಾರು ಜನ. ಹಲಗೆಯ ಮೇಲೆ ನಾನು ಮೊದಲೇ ಬರೆದಿಟ್ಟಿದ್ದುದು ಹದಿನೈದು. ತರಗತಿಯೆಲ್ಲ ಬೆರಗಾಗಿ ಹಲಗೆಯನ್ನು ನೋಡುತ್ತಿತ್ತು. ಅವನೊಬ್ಬ ಮಾತ್ರ ಇತ್ತ ನೋಡಲಿಲ್ಲ. ಅವನಿಗೆ ನಾಲ್ಕನೆಯ ಸಲಕ್ಕೇ ಬಿಳಿಯ ಬೀಜ ಸಿಕ್ಕಿತ್ತು. ನೂರು ಸಲ ಮುಗಿದು, ಗಂಟೆ ಹೊಡೆದು, ಉಳಿದವರು ಎದ್ದರೂ ಗಡಿಗೆಯೊಳಗೆ ಕೈಯಿಟ್ಟುಕೊಂಡೇ ಕುಳಿತಿದ್ದ.

“ಇನ್ನೊಂದ ಸಲ ತೆಗೀಲೇನ್ರಿ ಸರ?” ಎಂದ.